ಶಿಲ್ಕು ಸರಿ, ಸಾಲ ಎಷ್ಟು?

ನನ್ನ ಕುತ್ತಿಗೆಯ ಹಿಂದಿನ ಕಪ್ಪನ್ನು ನನ್ನ ಹೆಂಡತಿ ಎರಡು ವರ್ಷ ಕಡಲೆಹಿಟ್ಟು ಹಚ್ಚಿ ತಿಕ್ಕಿದ್ದಾಳೆ. ಮೊದಮೊದಲು ಬರೀ ಹಿಟ್ಟು. ಆಮೇಲೆ ಅದಕ್ಕೆ ನಿಂಬೆರಸ ಸೇರಿತು. ಕೊನೆಗೆ ಹಿಮ್ಮಡಿ ತಿಕ್ಕುವ ಕಲ್ಲೂ ಬಂತು. "ಏನ್ರೀ, ಎಷ್ಟ್ ಹೊಲಸ ಇಟ್ಕೊಂಡೀರಿ" ಅಂತ ಬೈಗುಳ ಬೇರೆ. ಚರ್ಮ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ. ಅದಕ್ಕೂ ರಕ್ತದಲ್ಲಿರುವ ಇನ್ಸುಲಿನ್‌ಗೂ ನಂಟಿದೆ ಅಂತ ನಮಗೆ ಗೊತ್ತಾಗಿದ್ದು ಹೋದ ಡಿಸೆಂಬರ್ ಕೊನೆಗೆ.

ನಾನು ವಿಜಯಪುರದ ಎಪಿಎಂಸಿಯಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಹತ್ತೊಂಬತ್ತು ವರ್ಷವಾಯಿತು. ತೊಗರಿ ಬರುತ್ತದೆ, ಜೋಳ ಬರುತ್ತದೆ, ಎಲ್ಲಕ್ಕಿಂತ ಜಾಸ್ತಿ ಮಣೂಕಿ, ಅಂದರೆ ಒಣದ್ರಾಕ್ಷಿ. ಲಿಲಾವಿನ ದಿನ ಟೇಬಲ್ ಮೇಲೆ ಸಾಲಾಗಿ ಸ್ಯಾಂಪಲ್ ತಟ್ಟೆಗಳಿರುತ್ತವೆ. ಹಸಿರು ಮಣೂಕಿ, ಕಂದು ಮಣೂಕಿ, ಉದ್ದದ್ದು, ದುಂಡಂದು. ಕೈ ತನ್ನಷ್ಟಕ್ಕೆ ತಾನೇ ಹೋಗುತ್ತದೆ. ನೂರು ಗ್ರಾಂ ಮಣೂಕಿಯಲ್ಲಿ ಹತ್ತಿರ ಹತ್ತಿರ 60 ಗ್ರಾಂ ಸಕ್ಕರೆಯೇ ಇರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಿಡುತ್ತಿದ್ದೆನೋ ಇಲ್ಲವೋ. ಇದರ ಜೊತೆ ದಿನಕ್ಕೆ ಆರೇಳು ಕಪ್ ಚಹಾ. ನಮ್ಮ ಕಡೆಯ ಚಹಾ ಅಂದರೆ ಗೊತ್ತಲ್ಲ, ಚಮಚ ನಿಲ್ಲುವಷ್ಟು ಸಕ್ಕರೆ.

ಅಪ್ಪನಿಗೆ ಶುಗರ್ ಇತ್ತು. ಅಣ್ಣನಿಗೆ 39ಕ್ಕೇ ಬಂತು, ಈಗ ದಿನಕ್ಕೆ ಎರಡು ಸಲ ಇನ್ಸುಲಿನ್ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಾನೆ. ಹಾಗಾಗಿ ಊರಲ್ಲಿ ಎಲ್ಲಿ ಉಚಿತ ಶಿಬಿರ ಹಾಕಿದರೂ ನಾನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋಗಿ ಬೆರಳು ಕೊಟ್ಟು ಬರುತ್ತಿದ್ದೆ. ಒಂದು ವರ್ಷ 91, ಮರುವರ್ಷ 94, ಹೋದ ವರ್ಷ 97. ನೂರರ ಒಳಗಿದೆ, ನಾರ್ಮಲ್ ಅಂತ ಚೀಟಿ ಕೊಡುತ್ತಿದ್ದರು. ಚೀಟಿ ಮಡಿಚಿ ಕಿಸೆಯಲ್ಲಿಟ್ಟುಕೊಂಡು ನೇರ ಚಹಾದ ಅಂಗಡಿಗೆ ಹೋಗುತ್ತಿದ್ದೆ.

ಡಿಸೆಂಬರ್ ಕೊನೆಗೆ ಕೆಮ್ಮು ಬಿಡಲೊಲ್ಲದು ಅಂತ ಒಬ್ಬ ಡಾಕ್ಟರ್ ಹತ್ತಿರ ಹೋದೆ. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟವರು ಅಲ್ಲೇ ನಿಂತರು. "ಕಾಲರ್ ಸ್ವಲ್ಪ ಕೆಳಗ ಮಾಡ್ರಿ. ಇದು ಎಷ್ಟ್ ದಿನದಿಂದ ಐತ್ರಿ?" ಅಂದರು. ನಾನು ಕಡಲೆಹಿಟ್ಟಿನ ಕಥೆ ಹೇಳಿದೆ. ಅವರು ನಕ್ಕರು. ಅದಕ್ಕೆ ಅಕಾಂಥೋಸಿಸ್ ನೈಗ್ರಿಕನ್ಸ್ ಅನ್ನುತ್ತಾರಂತೆ. ರಕ್ತದಲ್ಲಿ ಇನ್ಸುಲಿನ್ ಬಹಳ ದಿನ ಜಾಸ್ತಿ ಇದ್ದರೆ ಕುತ್ತಿಗೆ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ತಿಕ್ಕಿದರೆ ಹೋಗುವಂಥದ್ದಲ್ಲ.

"ಮೇಡಂ, ನಾನೇನ್ ದಪ್ಪ ಇಲ್ಲಲ್ರಿ" ಅಂದೆ. ಎತ್ತರ 168 ಸೆಂಟಿಮೀಟರ್, ತೂಕ 66 ಕಿಲೋ. ಕೈಕಾಲು ಸಣ್ಣ. ಅವರು ಡ್ರಾಯರ್‌ನಿಂದ ದರ್ಜಿಯ ಟೇಪು ತೆಗೆದು ಸೊಂಟಕ್ಕೆ ಸುತ್ತಿದರು. 93. ನಮ್ಮ ದೇಶದ ಗಂಡಸರಿಗೆ 90 ಮೀರಬಾರದು, ಹೆಂಗಸರಿಗೆ 80. ಆಮೇಲೆ ಅವರು ಹೇಳಿದ ಒಂದು ವಿಷಯ ನನಗೆ ಬಹಳ ಹಿಡಿಸಿತು. ಪುಣೆಯ ಡಾಕ್ಟರ್ ಯಾಜ್ಞಿಕ್ ಅವರೂ ಲಂಡನ್ನಿನ ಡಾಕ್ಟರ್ ಯುಡ್ಕಿನ್ ಅವರೂ 2004ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಜೋಡಿ ಫೋಟೋ ಹಾಕಿಸಿದರು. ಇಬ್ಬರಿಗೂ ಎತ್ತರ-ತೂಕದ ಲೆಕ್ಕ ಒಂದೇ, 22.3. ಆದರೆ ಮೈಯಲ್ಲಿನ ಕೊಬ್ಬು ಅಳೆದರೆ ಯುಡ್ಕಿನ್‌ಗೆ ಶೇ. 9.1, ನಮ್ಮ ಪುಣೆಯವರಿಗೆ ಶೇ. 21.2. ಲೆಕ್ಕ ಇಬ್ಬರಿಗೂ ಒಂದೇ ಅಂಕಿ ಹೇಳುತ್ತದೆ, ಚೀಲದೊಳಗಿನ ಮಾಲು ಮಾತ್ರ ಬೇರೆ. ಎಪಿಎಂಸಿಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೀಟಿಯಲ್ಲಿ ಬರೆದುಕೊಟ್ಟರು: ಬರಿಹೊಟ್ಟೆಯ ಸಕ್ಕರೆ, ಬರಿಹೊಟ್ಟೆಯ ಇನ್ಸುಲಿನ್, ಕೊಬ್ಬಿನ ಪರೀಕ್ಷೆ. ಹತ್ತರಿಂದ ಹನ್ನೆರಡು ತಾಸು ನೀರು ಬಿಟ್ಟು ಏನೂ ಬೇಡ.

ಮೊದಲ ದಿನವೇ ಎಡವಟ್ಟು. ಸಿದ್ಧೇಶ್ವರ ಜಾತ್ರೆಯ ಸಮಯ, ರಾತ್ರಿ ಮದ್ದು ಸುಡುವುದನ್ನು ನೋಡಿ ಮಲಗುವಾಗ ತಡವಾಗಿತ್ತು. ಬೆಳಿಗ್ಗೆ ಎದ್ದು ಲ್ಯಾಬಿಗೆ ಹೋದೆ. ಅಲ್ಲಿದ್ದ ಹುಡುಗ ಕೇಳಿದ.

"ಏನರ ತಿಂದೀರೇನ್ರಿ ಕಾಕಾ?"

"ಇಲ್ಲಪಾ, ಚಹಾ ಒಂದ ಕುಡದೀನಿ."

"ಚಹಾದಾಗ ಸಕ್ರಿ ಇಲ್ಲೇನ್ರಿ?"

ಹಿಂದಿನ ಬೆಂಚಿನಲ್ಲಿ ಕೂತಿದ್ದವರೂ ನಕ್ಕರು. ನಮಗೆ ಚಹಾ ಅನ್ನುವುದು ತಿನ್ನುವ ಲೆಕ್ಕಕ್ಕೂ ಬರಲ್ಲ, ಕುಡಿಯುವ ಲೆಕ್ಕಕ್ಕೂ ಬರಲ್ಲ. ಒಂದು ವಾರ ಬಿಟ್ಟು, ಸರಿಯಾಗಿ ನಿದ್ದೆ ಮಾಡಿ ಬರ್ರಿ ಅಂತ ಆ ಹುಡುಗ ವಾಪಸ್ ಕಳಿಸಿದ. ನಿದ್ದೆಗೆಟ್ಟರೂ ಇನ್ಸುಲಿನ್ನಿನ ಕೆಲಸ ಕೆಡುತ್ತದಂತೆ.

ಎರಡನೇ ಸಲ ಸರಿಯಾಗಿ ಹೋದೆ. ರಾತ್ರಿ ಎಂಟಕ್ಕೆ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಅಷ್ಟೇ. ಬೆಳಿಗ್ಗೆ 7.40ಕ್ಕೆ ರಕ್ತ ಕೊಟ್ಟೆ. ಹುಡುಗ ಒಂದೇ ಸೂಜಿಯಿಂದ ಎರಡು ಟ್ಯೂಬು ತುಂಬಿದ, ಒಂದಕ್ಕೆ ಹಳದಿ ಮುಚ್ಚಳ, ಇನ್ನೊಂದಕ್ಕೆ ಬೂದು ಮುಚ್ಚಳ. ಯಾಕೆ ಎರಡು ಅಂತ ಕೇಳಿದೆ. ಬೂದು ಮುಚ್ಚಳದ್ದರಲ್ಲಿ ಫ್ಲೋರೈಡ್ ಇರುತ್ತದೆ. ಅದಿಲ್ಲದಿದ್ದರೆ ಟ್ಯೂಬಿನೊಳಗೆ ರಕ್ತಕಣಗಳು ಸುಮ್ನೆ ಕೂರಲ್ಲ, ಇದ್ದ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ತಾಸಿಗೆ ಶೇ. 5ರಿಂದ 7ರಷ್ಟು ಇಳಿಯುತ್ತದೆ. ಅಂದರೆ ನನ್ನ 97 ಮೇಜಿನ ಮೇಲೇ ಒಂದು ತಾಸಿನಲ್ಲಿ 91 ಆಗಬಹುದು. ಹಳದಿ ಮುಚ್ಚಳದ್ದು ಇನ್ಸುಲಿನ್‌ಗೆ. ಆ ಟ್ಯೂಬನ್ನು ಅವನು ಅಲುಗಾಡಿಸದೆ, ಮೊಟ್ಟೆ ಇಟ್ಟಂತೆ ಸ್ಟ್ಯಾಂಡಿನಲ್ಲಿ ಇಟ್ಟ. "ಇದು ಇಲ್ಲಿ ಆಗಂಗಿಲ್ರಿ, ಹೊರಗ ಕಳಸ್ತೀವಿ. ನಾಳೆ ಸಂಜಿಗೆ ಬರ್ತದ" ಅಂದ. ಇನ್ಸುಲಿನ್ ಒಂದಕ್ಕೇ 700 ರೂಪಾಯಿ ಬಿತ್ತು.

ರಿಪೋರ್ಟು ಮೊಬೈಲಿಗೆ ಬಂತು. ಸಕ್ಕರೆ 97. ಇನ್ಸುಲಿನ್ 18.4, ಪಕ್ಕದಲ್ಲಿ ಇರಬೇಕಾದ ಮಿತಿ 2.6ರಿಂದ 24.9. ಎರಡರ ಮುಂದೆಯೂ ಚುಕ್ಕಿಯಿಲ್ಲ, ದಪ್ಪ ಅಕ್ಷರವಿಲ್ಲ. ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 212 ಮಾತ್ರ ದಪ್ಪಗಿತ್ತು, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 36 ಕಡಿಮೆ. ಸಕ್ಕರೆ ನಾರ್ಮಲ್, ಇನ್ಸುಲಿನ್ ನಾರ್ಮಲ್. ಹೆಂಡತಿಗೆ ಹೇಳಿದೆ, "ನೋಡು, ಏನೂ ಇಲ್ಲ. ಕಲ್ಲು ತಗೊಂಬಾ."

ಆದರೆ ಡಾಕ್ಟರ್ ಒಂದು ಮಾತು ಹೇಳಿದ್ದರು, ಎರಡನ್ನೂ ಗುಣಿಸಬೇಕು ಅಂತ. ಹೋಮಾ-ಐಆರ್ ಅನ್ನುವ ಸೂತ್ರವಂತೆ, ಮೈ ಇನ್ಸುಲಿನ್ನಿನ ಮಾತು ಎಷ್ಟು ಕೇಳುತ್ತಿಲ್ಲ ಅಂತ ತೋರಿಸುವಂಥದ್ದು. ಊಟವಾದ ಮೇಲೆ ಮೊಬೈಲಿನಲ್ಲಿ ಹುಡುಕಿದೆ. ಸಕ್ಕರೆಯನ್ನು ಇನ್ಸುಲಿನ್‌ನಿಂದ ಗುಣಿಸಿ 22.5ರಿಂದ ಭಾಗಿಸಿ ಅಂತ ಇತ್ತು. 97 ಗುಣಿಸು 18.4, 1784.8. ಭಾಗಿಸು 22.5. ಬಂದದ್ದು 79.3. ಎರಡೂವರೆಗಿಂತ ಜಾಸ್ತಿ ಇದ್ದರೆ ಕೆಟ್ಟದ್ದು ಅಂತ ಕೆಳಗೆ ಬರೆದಿತ್ತು. ನನ್ನದು 79! ಹತ್ತೊಂಬತ್ತು ವರ್ಷ ಲೆಕ್ಕ ಬರೆದವನು, ಮೂರು ಸಲ ತಾಳೆ ನೋಡಿದೆ. ಮೂರು ಸಲವೂ ಅದೇ. ಆ ರಾತ್ರಿ ನಿದ್ದೆ ಬರಲಿಲ್ಲ. ಅಣ್ಣನ ಕಾಲಿನ ಗಾಯ, ಅಪ್ಪನ ಕಣ್ಣು, ಎಲ್ಲ ಕಣ್ಣ ಮುಂದೆ ಬಂತು. ಹೆಂಡತಿಗೆ ಹೇಳಲಿಲ್ಲ. ಅವಳು ಗೊರಕೆ ಹೊಡೆಯುತ್ತಿದ್ದಳು.

ಮರುದಿನ ಡಾಕ್ಟರ್ ಮುಂದೆ ಚೀಟಿ ಇಟ್ಟೆ. ಅವರು 79.3 ನೋಡಿ ಪೆನ್ನು ಕೆಳಗಿಟ್ಟರು. "ಕ್ವಿಂಟಲ್ ದರಾನ ಕಿಲೋದ ತೂಕಕ್ಕ ಗುಣಿಸಿದಂಗಾತ್ರಿ ಇದು!" ಅಂದರು. 22.5ರಿಂದ ಭಾಗಿಸಬೇಕಾದರೆ ಸಕ್ಕರೆ ಮಿಲಿಮೋಲ್ ಲೆಕ್ಕದಲ್ಲಿರಬೇಕು. ನಮ್ಮ ಲ್ಯಾಬುಗಳು ಕೊಡುವುದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಅದನ್ನು 18ರಿಂದ ಭಾಗಿಸಿದರೆ ಮಿಲಿಮೋಲ್. ಅಥವಾ ಒಂದೇ ಸಲಕ್ಕೆ 22.5ರ ಬದಲು 405ರಿಂದ ಭಾಗಿಸಿದರೂ ಆಯಿತು. 1784.8 ಭಾಗಿಸು 405, 4.41. ಉಸಿರು ಬಂತು. ಆಮೇಲೆ ತಿಳಿಯಿತು, 4.41 ಕೂಡ ಖುಷಿಪಡುವ ಸಂಖ್ಯೆಯಲ್ಲ ಅಂತ.

ಈ 405 ಎಲ್ಲಿಂದ ಬಂತು ಅನ್ನುವುದು ನನ್ನನ್ನು ಕೊರೆಯುತ್ತಿತ್ತು. ಲೆಕ್ಕದವರ ಚಾಳಿ. ಡಾಕ್ಟರ್ ಬಿಡಿಸಿ ಹೇಳಿದರು. 1985ರಲ್ಲಿ ಆಕ್ಸ್‌ಫರ್ಡ್‌ನ ಮ್ಯಾಥ್ಯೂಸ್ ಮತ್ತು ಅವರ ಸಂಗಡಿಗರು ಈ ಲೆಕ್ಕ ಕಟ್ಟಿದರು. ತೆಳ್ಳಗಿನ, ಆರೋಗ್ಯವಂತ ಹರೆಯದ ಮನುಷ್ಯನೊಬ್ಬನನ್ನು ಅಳತೆಗೋಲು ಮಾಡಿಕೊಂಡರು. ಅವನ ಬರಿಹೊಟ್ಟೆಯ ಇನ್ಸುಲಿನ್ 5, ಸಕ್ಕರೆ 81. ಐದು ಎಂಬತ್ತೊಂದಲ 405. ಅಂದರೆ ಅವನ ಹೋಮಾ ಸರಿಯಾಗಿ 1. ಉಳಿದವರು ಅವನಿಗಿಂತ ಎಷ್ಟು ಪಟ್ಟು ಅಂತ ನೋಡುವುದು. ನನ್ನದು ನಾಲ್ಕು ಪಟ್ಟು ಮತ್ತು ಚಿಲ್ಲರೆ.

ಯಾಕೆ ಗುಣಿಸಬೇಕು ಅನ್ನುವುದನ್ನು ಅವರು ಹೇಳುವ ಮೊದಲೇ ನಾನು ನನ್ನ ಭಾಷೆಯಲ್ಲಿ ಹಾಕಿಕೊಂಡೆ. ನಮ್ಮ ಕಿರ್ದಿಯಲ್ಲಿ ದಿನದ ಕೊನೆಗೆ ಕೈಶಿಲ್ಕು, ಅಂದರೆ ಕೈಯಲ್ಲುಳಿದ ದುಡ್ಡು ಬರೆಯುತ್ತೇವೆ. ಎರಡು ಅಂಗಡಿಯಲ್ಲೂ ಸಂಜೆ ಶಿಲ್ಕು 97 ಸಾವಿರ ಅಂತಿಟ್ಟುಕೊಳ್ಳಿ. ಒಬ್ಬ ಐದು ಸಾವಿರ ಕೈಗಡ ತಂದು ಅಷ್ಟನ್ನು ಉಳಿಸಿಕೊಂಡಿದ್ದಾನೆ. ಇನ್ನೊಬ್ಬ ಹದಿನೆಂಟು ಸಾವಿರ ತಂದಿದ್ದಾನೆ. ಶಿಲ್ಕು ನೋಡಿದರೆ ಇಬ್ಬರೂ ಸಾಹುಕಾರರು. ಸಾಲದ ಪುಟ ತಿರುಗಿಸಿದರೆ ತಾನೇ ಗೊತ್ತಾಗುವುದು? ಶಿಬಿರದಲ್ಲಿ ನನಗೆ ವರ್ಷ ವರ್ಷ ಶಿಲ್ಕು ಮಾತ್ರ ತೋರಿಸುತ್ತಿದ್ದರು. ರಾತ್ರಿ ಹೊಟ್ಟೆ ಖಾಲಿ ಇರುವಾಗ ಯಕೃತ್ತು ಸಕ್ಕರೆ ಬಿಡುತ್ತಿರುತ್ತದೆ, ಸಾಕು ನಿಲ್ಲಿಸು ಅಂತ ಹೇಳುವುದು ಇನ್ಸುಲಿನ್. ಯಕೃತ್ತಿಗೆ ಕಿವಿ ಮಂದವಾದರೆ ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿ ಜೋರಾಗಿ ಕೂಗಬೇಕು. ಎಲ್ಲಿಯವರೆಗೆ ಕೂಗುವ ಶಕ್ತಿ ಇರುತ್ತದೋ ಅಲ್ಲಿಯವರೆಗೆ ಸಕ್ಕರೆ ನಾರ್ಮಲ್. ಅಣ್ಣನದು ಕೂಗಿ ಕೂಗಿ ಗಂಟಲು ಬಿದ್ದಿದೆ.

ಮೈಗೆ ಈ ಕಿವಿ ಎಷ್ಟು ಮಂದವಾಗಿದೆ ಅಂತ ನೇರವಾಗಿ ಅಳೆಯುವ ವಿಧಾನ ಬೇರೆಯೇ ಇದೆ, ಕ್ಲ್ಯಾಂಪ್ ಅನ್ನುತ್ತಾರೆ. 1979ರಲ್ಲಿ ಡಿಫ್ರಾಂಜೊ ಮತ್ತು ಜೊತೆಯವರು ಅದನ್ನು ವಿವರವಾಗಿ ಬರೆದರು. ನರಕ್ಕೆ ಒಂದೇ ಸಮ ಇನ್ಸುಲಿನ್ ಹನಿಸುತ್ತಾ, ಸಕ್ಕರೆ ಇಳಿಯದಂತೆ ಗ್ಲೂಕೋಸ್ ಕೊಡುತ್ತಾ, ಐದೈದು ನಿಮಿಷಕ್ಕೆ ರಕ್ತ ನೋಡುತ್ತಾ ಎರಡು ತಾಸು ಮಲಗಿರಬೇಕು. ಎಷ್ಟು ಗ್ಲೂಕೋಸ್ ಹಿಡಿಯಿತೋ ಅಷ್ಟು ಮೈ ಇನ್ಸುಲಿನ್ನಿನ ಮಾತು ಕೇಳುತ್ತದೆ ಅಂತ ಅರ್ಥ. ಅದು ಸಂಶೋಧನೆಯವರಿಗೆ. ನಮ್ಮಂಥವರಿಗೆ ಒಂದು ಮುಂಜಾನೆಯ ರಕ್ತ, ಒಂದು ಗುಣಾಕಾರ.

ಹೋಮಾ ಒಂದೇ ಅಲ್ಲ ಅಂತ ಆಮೇಲೆ ತಿಳಿಯಿತು. 2000ದಲ್ಲಿ ಕ್ವಿಕ್ಕಿ ಅಂತ ಇನ್ನೊಂದು ಬಂದಿದೆ. ಇನ್ಸುಲಿನ್ನಿನ ಲಾಗ್, ಸಕ್ಕರೆಯ ಲಾಗ್ ಕೂಡಿಸಿ ಒಂದನ್ನು ಅದರಿಂದ ಭಾಗಿಸುವುದು. ಪಿಯುಸಿಯಲ್ಲಿ ಬಿಟ್ಟ ಲಾಗ್ ಟೇಬಲ್ ನೆನಪಾಯಿತು. 1.265 ಕೂಡಿಸು 1.987, ಒಟ್ಟು 3.252. ಒಂದನ್ನು ಅದರಿಂದ ಭಾಗಿಸಿದರೆ 0.308. ಇಲ್ಲಿ ಸಂಖ್ಯೆ ಕಡಿಮೆಯಾದಷ್ಟು ಕೆಟ್ಟದ್ದು. ತೆಳ್ಳಗಿನ ಆರೋಗ್ಯವಂತರಲ್ಲಿ 0.38ರ ಸುತ್ತಮುತ್ತ ಬಂದಿತ್ತಂತೆ. ಎರಡು ಸೂತ್ರವೂ ನನ್ನ ಬಗ್ಗೆ ಒಂದೇ ಮಾತು ಹೇಳಿದವು ಅಂತ ಮೊದಲು ಬೆರಗಾದೆ. ಆಮೇಲೆ ಹೊಳೆಯಿತು, ಲಾಗ್ ಕೂಡಿಸಿದರೂ ಅದು ಅದೇ ಗುಣಾಕಾರ ಅಲ್ವಾ? ಒಬ್ಬನೇ ಸಾಕ್ಷಿ ಅಂಗಿ ಬದಲಿಸಿಕೊಂಡು ಎರಡು ಸಲ ಬಂದ ಹಾಗೆ. ಬೇರೆ ಸಾಕ್ಷಿ ಬೇಕಾದರೆ ಟಿವೈಜಿ ಅಂತ ಇದೆ. ಅದಕ್ಕೆ ಇನ್ಸುಲಿನ್ ಬೇಡವೇ ಬೇಡ. ಟ್ರೈಗ್ಲಿಸರೈಡನ್ನು ಸಕ್ಕರೆಯಿಂದ ಗುಣಿಸಿ, ಅರ್ಧ ಮಾಡಿ, ನ್ಯಾಚುರಲ್ ಲಾಗ್ ತೆಗೆಯುವುದು. ನನ್ನದು 9.24. ಅದೂ ಜಾಸ್ತಿಯೇ. 700 ರೂಪಾಯಿ ಇಲ್ಲದವರಿಗೆ ಇದು ಅನುಕೂಲ ಅಂತ ನನಗನ್ನಿಸಿತು. ಆದರೆ ಇವು ಯಾವುದಕ್ಕೂ ಎಲ್ಲ ಕಡೆ ಒಪ್ಪಿದ ಒಂದೇ ಗೆರೆ ಇಲ್ಲ. ಎರಡೂವರೆ ಅನ್ನುವುದು ಬಹಳ ಜನ ಬಳಸುವ ಗೆರೆ ಅಷ್ಟೇ, ಲ್ಯಾಬಿನ ಯಂತ್ರ ಬದಲಾದರೆ ಗೆರೆಯೂ ಜರುಗುತ್ತದೆ.

ಯಂತ್ರದ ಈ ಮಾತು ನನಗೆ ಅರ್ಥವಾದದ್ದು ದುಡ್ಡು ಕಳಕೊಂಡ ಮೇಲೆ. ಡಾಕ್ಟರ್‌ಗೆ ಹೇಳದೆ, ಹತ್ತು ದಿನ ಬಿಟ್ಟು ಬೇರೆ ಲ್ಯಾಬಿಗೆ ಹೋಗಿ ಇನ್ನೊಮ್ಮೆ ಮಾಡಿಸಿದೆ. ಸಕ್ಕರೆ 96, ಇನ್ಸುಲಿನ್ 12.9. ಹೋಮಾ 3.06. ಹತ್ತು ದಿನದಲ್ಲಿ 4.41ರಿಂದ 3.06! ಊಟ ಬದಲಾಗಿಲ್ಲ, ನಡಿಗೆ ಶುರುವಾಗಿಲ್ಲ. ಮೊದಲನೇ ಲ್ಯಾಬಿನವರು ಮೋಸ ಮಾಡಿದರು ಅಂತ ಜಗಳಕ್ಕೆ ಹೊರಟಿದ್ದೆ. ಹೆಂಡತಿ ತಡೆದಳು, "ಮೊದಲ ಮೇಡಮ್ಮಾರಿಗೆ ತೋರಸ್ರಿ" ಅಂತ.

ತೋರಿಸಿದೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೇಳಿದ ಮೊದಲ ಪ್ರಶ್ನೆ: "ಮಾತ್ರಿ ಏನರ ತಗೋತಿದ್ರೇನ್ರಿ?" ಏನಿಲ್ಲ ಅಂದೆ. ಹೆಂಡತಿ ಬಾಯಿ ಹಾಕಿದಳು, "ಕೂದಲದ ಗುಳಿಗಿ ತಗೋತಾರಲ್ರಿ." ಹೌದು, ತಲೆ ಬೋಳಾಗುತ್ತಿದೆ ಅಂತ ಮೆಡಿಕಲ್‌ನಿಂದ ಬಯೋಟಿನ್ ತಂದು ಅದೇ ವಾರ ಶುರು ಮಾಡಿದ್ದೆ. ರಾತ್ರಿಗೊಂದು. ಇನ್ಸುಲಿನ್ ಅಳೆಯುವ ಕೆಲವು ಯಂತ್ರಗಳು ಒಳಗೆ ಬಯೋಟಿನ್ನನ್ನೇ ಅಂಟಿನಂತೆ ಬಳಸುತ್ತವೆ. ನಮ್ಮ ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಅಂಟು ತಪ್ಪಿ ಇನ್ಸುಲಿನ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಅದೇ ಕಾರಣ ಅಂತ ಖಡಾಖಂಡಿತ ಹೇಳಲಾಗದು ಅಂದರು. ಇನ್ಸುಲಿನ್ ನಲ್ಲಿಯ ನೀರಿನ ಹಾಗೆ ಒಂದೇ ಸಮ ಬರುವುದಿಲ್ಲ, ಕೆಲವು ನಿಮಿಷಕ್ಕೊಮ್ಮೆ ಅಲೆಯಾಗಿ ಏರಿ ಇಳಿಯುತ್ತದೆ. ಅದಕ್ಕೇ ಐದೈದು ನಿಮಿಷ ಬಿಟ್ಟು ಮೂರು ಸಲ ರಕ್ತ ತೆಗೆದು ಸರಾಸರಿ ನೋಡುವುದು ಒಳ್ಳೆಯದು, ಆದರೆ ನಮ್ಮಲ್ಲಿ ಯಾರು ಮಾಡಿಸುತ್ತಾರೆ? ಸೂಜಿ ಸರಿ ಕೂರದೆ ರಕ್ತಕಣ ಒಡೆದಿದ್ದರೂ ಇನ್ಸುಲಿನ್ ಕಡಿಮೆ ತೋರಿಸುತ್ತದೆ. ಮೊದಲನೇ ಹುಡುಗ ಟ್ಯೂಬನ್ನು ಮೊಟ್ಟೆಯಂತೆ ಯಾಕೆ ಇಟ್ಟ ಅಂತ ಆಗ ತಿಳಿಯಿತು. ಜಗಳಕ್ಕೆ ಹೋಗದಿದ್ದದ್ದು ಒಳ್ಳೆಯದಾಯಿತು.

"ಇನ್ನ ಮ್ಯಾಲ ಅದೇ ಲ್ಯಾಬು, ಅದೇ ಟೈಮು. ನಾಕ ತಿಂಗಳ ಬಿಟ್ಟ ಬರ್ರಿ. ನಡಕ ನಡಕ ರಕ್ತಾ ಕೊಡಬ್ಯಾಡ್ರಿ" ಅಂದರು. ಅಣ್ಣನ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನಾನೂ ತಗೊಳ್ಳಲೇ ಅಂತ ಕೇಳಿದ್ದಕ್ಕೆ ಬೈದರು.

ಆ ನಾಲ್ಕು ತಿಂಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಬೆಳಿಗ್ಗೆ ಮನೆಯಿಂದ ಬಾರಾಕಮಾನ್ ತನಕ ಹೋಗಿ ಬರುವುದು, ಮುಕ್ಕಾಲು ತಾಸು. ಚಹಾ ಎರಡಕ್ಕೆ ಇಳಿಯಿತು, ಸಕ್ಕರೆ ಇಲ್ಲದೆ. ಮೊದಲ ವಾರ ತಲೆನೋವು. ರೊಟ್ಟಿ ತಿನ್ನುವವರಿಗೆ ಶುಗರ್ ಬರಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ನಾನು ನಾಲ್ಕು ರೊಟ್ಟಿ ತಿಂದ ಮೇಲೆ ಒಂದು ಗುಡ್ಡೆ ಅನ್ನವನ್ನೂ ತಿನ್ನುತ್ತಿದ್ದೆ ಅನ್ನುವುದನ್ನು ಆ ನಂಬಿಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅನ್ನ ಬಿಟ್ಟೆ, ರೊಟ್ಟಿ ಎರಡಾಯಿತು, ಕಾಳು ಜಾಸ್ತಿಯಾಯಿತು. ಕೂದಲದ ಗುಳಿಗೆ ನಿಲ್ಲಿಸಿದೆ. ಕೂದಲು ಅದರಿಂದ ಏನೂ ಬೆಳೆದಿರಲಿಲ್ಲ ಬಿಡಿ.

ಜೂನ್ ಮೊದಲ ವಾರ, ಅದೇ ಲ್ಯಾಬು, ಅದೇ ಹುಡುಗ. "ಚಹಾ?" ಅಂತ ಹುಬ್ಬು ಏರಿಸಿದ. ಸಕ್ಕರೆ 94, ಇನ್ಸುಲಿನ್ 13.1, ಟ್ರೈಗ್ಲಿಸರೈಡ್ 158. ಹೋಮಾ 3.04. ಸೊಂಟ 89, ತೂಕ 63.

ನೋಡಿ, ಸಕ್ಕರೆ ಇಳಿದದ್ದು ಬರೀ ಮೂರು. ಶಿಬಿರದ ಚೀಟಿಯಾಗಿದ್ದರೆ ಏನೂ ಆಗಿಲ್ಲ ಅನ್ನುತ್ತಿತ್ತು. ಮತ್ತೆ 3.04 ಅನ್ನುವುದು ಆ ಎರಡನೇ ಲ್ಯಾಬು ಫೆಬ್ರವರಿಯಲ್ಲೇ ಹೆಚ್ಚುಕಡಿಮೆ ಕೊಟ್ಟಿದ್ದ ಸಂಖ್ಯೆ. ಆವತ್ತಿನ ಚೀಟಿಯನ್ನು ಮೊದಲಿನದ್ದು ಅಂತ ಹಿಡಿದಿದ್ದರೆ ನಾಲ್ಕು ತಿಂಗಳು ನಡೆದದ್ದೆಲ್ಲ ನೀರಲ್ಲಿ ಹೋಯಿತು ಅಂತ ಕೂರುತ್ತಿದ್ದೆ. ಹಾಗಂತ 4.41ರಿಂದ ಬಂದದ್ದೆಲ್ಲ ನಡಿಗೆಯ ಲಾಭ ಅಂತಲೂ ನಾನು ಬರೆದುಕೊಂಡಿಲ್ಲ. ಅಲೆಯ ಏರಿಳಿತ ಅದರಲ್ಲೂ ಸ್ವಲ್ಪ ಇರುತ್ತದೆ. ಸೊಂಟದ ಟೇಪು, ಟ್ರೈಗ್ಲಿಸರೈಡ್, ಹೋಮಾ ಮೂರೂ ಒಂದೇ ಕಡೆ ಮುಖ ಮಾಡಿವೆ ಅನ್ನುವುದನ್ನು ನಂಬುತ್ತೇನೆ. ಪಾಯಿಂಟಿನ ಆಚೆಯ ಎರಡು ಅಂಕಿಗಳನ್ನು ನಂಬುವುದಿಲ್ಲ.

ಕಾರಹುಣ್ಣಿಮೆಗೆ ಮನೆಯಲ್ಲಿ ಎಲ್ಲ ಸೇರಿದಾಗ ಅಣ್ಣ ತನ್ನ ಫೈಲು ತಂದು ಮುಂದೆ ಇಟ್ಟ. "ತಮ್ಮಾ, ನಂದೂ ಹಾಕಲೇ ಲೆಕ್ಕಾ." ನಾನು ಕ್ಯಾಲ್ಕುಲೇಟರ್ ತೆಗೆದಿದ್ದೆ. ಆಮೇಲೆ ಮೇಡಂ ಹೇಳಿದ್ದು ನೆನಪಾಯಿತು. ಹೊರಗಿನಿಂದ ಚುಚ್ಚಿಕೊಳ್ಳುವವರಿಗೆ ಈ ಸೂತ್ರ ಹೊಂದುವುದಿಲ್ಲ, ಅಳತೆಯಲ್ಲಿ ಬರುವುದು ಅವನದೋ ಇಂಜೆಕ್ಷನ್ನಿನದೋ ಬೇರ್ಪಡಿಸಲಾಗುವುದಿಲ್ಲ. ಒಳಗೆ ಸ್ವಂತದ್ದು ಎಷ್ಟು ಉಳಿದಿದೆ ಅಂತ ನೋಡಲು ಸಿ-ಪೆಪ್ಟೈಡ್ ಅನ್ನುವ ಬೇರೆ ಪರೀಕ್ಷೆ ಇದೆ. ಹಾಗೆಂದೆ. ಅಣ್ಣ ಫೈಲು ಮಡಿಚಿ, "ಅಂದ್ರ ನನ್ನ ಖಾತೆ ಬ್ಯಾರೆ ಬುಕ್ಕಿನಾಗೈತಿ ಅನ್ನು" ಅಂದ. ಹೋಳಿಗೆಯ ತಟ್ಟೆಯನ್ನು ಇಬ್ಬರೂ ಆಚೆ ಸರಿಸಿದೆವು. ನಾನು ಅರ್ಧ ಮುರಿದುಕೊಂಡೆ, ಸುಳ್ಳು ಹೇಳಲ್ಲ.

ಕುತ್ತಿಗೆಯ ಕಪ್ಪು ಸ್ವಲ್ಪ ತಿಳಿಯಾಗಿದೆ ಅಂತ ಹೆಂಡತಿ ಹೇಳುತ್ತಾಳೆ. ನನಗೆ ಕಾಣುವ ಜಾಗವಲ್ಲ. ಮುಂದಿನ ರಕ್ತ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಅಂಗಡಿಯದೇ ಕಷ್ಟ. ಲಿಲಾವಿನ ದಿನ ಸಾಹುಕಾರರು ಈಗಲೂ ತಟ್ಟೆ ನನ್ನ ಕಡೆ ತಳ್ಳಿ, "ಇದರ ರುಚಿ ಹೆಂಗೈತಿ ಹೇಳಪಾ" ಅನ್ನುತ್ತಾರೆ. ನಾನು ಒಂದೇ ಒಂದು ಮಣೂಕಿ ಎತ್ತಿ, ಬೆಳಕಿಗೆ ಹಿಡಿದು, ಬೆರಳಲ್ಲಿ ಹಿಸುಕಿ ನೋಡಿ, "ಮಾಲು ಚಲೋ ಐತ್ರಿ" ಅಂತ ಹೇಳಿ ತಟ್ಟೆಗೆ ವಾಪಸ್ ಹಾಕುತ್ತೇನೆ. ಹತ್ತೊಂಬತ್ತು ವರ್ಷದ ಅಭ್ಯಾಸ, ಇಲ್ಲಿಯವರೆಗೆ ತಪ್ಪು ಹೇಳಿಲ್ಲ.